ಬೆಂಗಳೂರಿನಲ್ಲಿ ನಾಟಕ, ಸಂಗೀತ, ಚಿತ್ರಕಲೆ ಎಲ್ಲಿ ನೋಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದೂ ಒಮ್ಮೆಯೂ ಕಲಾಕ್ಷೇತ್ರದ ಮೆಟ್ಟಿಲು ಹತ್ತದವರು ತುಂಬಾ ಜನ ಇದ್ದಾರೆ. ಆಸೆ ಇಲ್ಲ ಅಂತಲ್ಲ. ಎಲ್ಲಿ ಏನು ನಡೆಯುತ್ತೆ, ಎಷ್ಟು ಹೊತ್ತಿಗೆ ಹೋಗಬೇಕು, ಟಿಕೆಟ್ ಬೇಕಾ, ಪಾಸ್ ಬೇಕಾ ಅನ್ನೋ ಅನುಮಾನದಲ್ಲೇ ಸಂಜೆ ಕಳೆದುಹೋಗುತ್ತದೆ. ಗೆಳೆಯರು, ನೆಂಟರು, ಊರಿಂದ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಗರದ ಎಲ್ಲ ಜಾಗಗಳೂ ಇದರಲ್ಲಿಲ್ಲ. ಯಾರಿಗಾದರೂ ಧೈರ್ಯವಾಗಿ "ಹೋಗಿ ಬನ್ನಿ" ಅಂತ ಹೇಳಬಹುದಾದ ಜಾಗಗಳು ಮಾತ್ರ ಇವೆ.

ನನಗೆ ನಾಟಕ, ಸಂಗೀತದ ಗಂಧಗಾಳಿ ಇಲ್ಲ. ನನ್ನಂಥವರು ಹೋಗಬಹುದಾ?

ಖಂಡಿತ ಹೋಗಬಹುದು. ಸಭಾಂಗಣದಲ್ಲಿ ಕೂತವರಲ್ಲಿ ರಾಗ ಗುರುತು ಹಿಡಿಯುವವರು ಕೆಲವರೇ. ಉಳಿದವರು ಕೇಳಿ ಖುಷಿಪಡೋಕೆ ಬಂದವರು. ಯಾವುದಾದರೂ ಕನ್ನಡ ನಾಟಕದಿಂದ ಶುರು ಮಾಡಿ ಅಂತ ನಾನು ಹೇಳ್ತೀನಿ. ಭಾಷೆ ನಮ್ಮದು, ಕಥೆ ಇರುತ್ತದೆ, ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಸಂಗೀತ, ನೃತ್ಯ, ಚಿತ್ರಕಲೆ ಕಡೆಗೆ ನಿಮ್ಮ ಕುತೂಹಲವೇ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ.

ನನ್ನ ಹತ್ತಿರ ಒಂದೇ ಸಂಜೆ ಇದೆ. ಎಲ್ಲಿಗೆ ಹೋಗಲಿ?

ಜೆ.ಪಿ. ನಗರ 2ನೇ ಹಂತದ ರಂಗಶಂಕರಕ್ಕೆ. ಈ ಪ್ರಶ್ನೆಗೆ ನನ್ನ ಉತ್ತರ ಯಾವತ್ತೂ ಇದೇ.

1990ರಲ್ಲಿ ಶಂಕರ್ ನಾಗ್ ದಾವಣಗೆರೆ ಹತ್ತಿರದ ಅಪಘಾತದಲ್ಲಿ ತೀರಿಕೊಂಡರು. ನಾಟಕಕ್ಕೇ ಅಂತ ಒಂದು ಒಳ್ಳೆಯ ಮನೆ ಬೇಕು ಅನ್ನೋದು ಅವರ ಕನಸಾಗಿತ್ತು. ಅರುಂಧತಿ ನಾಗ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಓಡಾಡಿ, ಹಣ ಕೂಡಿಸಿ, 2004ರಲ್ಲಿ ಅದನ್ನು ನಿಜ ಮಾಡಿದರು. ಸೋಮವಾರ ಬಿಟ್ಟು ಉಳಿದ ದಿನ ಇಲ್ಲಿ ನಾಟಕ ಇರಬೇಕು ಅನ್ನೋ ಹಟದಲ್ಲಿ ಈ ಜಾಗ ನಡೆಯುತ್ತಿದೆ. ಇದು ಸಣ್ಣ ಮಾತಲ್ಲ. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟು ದುಬಾರಿ ಜಾಗದಲ್ಲಿ, ನಾಟಕ ಒಂದನ್ನೇ ನಂಬಿಕೊಂಡು ಒಂದು ಕಟ್ಟಡ ನಿಂತಿದೆ.

ಒಳಗೆ ಮುನ್ನೂರು ಚಿಲ್ಲರೆ ಆಸನಗಳಷ್ಟೇ. ರಂಗ ಮುಂದಕ್ಕೆ ಚಾಚಿಕೊಂಡಿದೆ, ಪ್ರೇಕ್ಷಕರು ಮೂರು ಕಡೆ ಸುತ್ತುವರಿದು ಕೂರುತ್ತಾರೆ. ಕಲಾವಿದರ ಹಣೆಯ ಬೆವರು ಕಾಣುತ್ತದೆ. ಪಿಸುಮಾತು ಆಡಿದರೂ ಕೊನೆಯ ಸಾಲಿಗೆ ಕೇಳುತ್ತದೆ. ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ ಮತ್ತು ಬೇರೆ ಭಾಷೆಯ ನಾಟಕಗಳೂ ಬರುತ್ತವೆ, ಹಾಗಾಗಿ ಟಿಕೆಟ್ ತೆಗೆದುಕೊಳ್ಳುವ ಮುಂಚೆ ಭಾಷೆ ನೋಡಿಕೊಳ್ಳಿ. ಮೆಟ್ರೊದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಒಂದು ಆಟೊ ಹಿಡಿದರೆ ಆಯಿತು.

ತಡವಾಗಿ ಹೋದರೆ ರಂಗಶಂಕರದಲ್ಲಿ ಒಳಗೆ ಬಿಡೋದೇ ಇಲ್ವಂತೆ, ನಿಜವಾ?

ನಿಜ. ಬಾಗಿಲು ಹಾಕಿದ ಮೇಲೆ ಯಾರಿಗೂ ತೆಗೆಯುವುದಿಲ್ಲ. ಎಷ್ಟೇ ದೊಡ್ಡ ಮನುಷ್ಯರಾದರೂ ಅಷ್ಟೇ. ಕೆಲವರಿಗೆ ಇದು ಜಾಸ್ತಿ ಆಯ್ತು ಅನ್ನಿಸುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ. ಮೊದಲ ದೃಶ್ಯದ ಕತ್ತಲಲ್ಲಿ ಒಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟು ಹುಡುಕಿದರೆ ಮುನ್ನೂರು ಜನರ ಗಮನ ತಪ್ಪುತ್ತದೆ, ರಂಗದ ಮೇಲಿರುವವರ ತಿಂಗಳುಗಟ್ಟಲೆಯ ತಾಲೀಮಿಗೆ ಪೆಟ್ಟು ಬೀಳುತ್ತದೆ.

ಆದ್ದರಿಂದ ಏಳೂವರೆ ನಾಟಕಕ್ಕೆ ಏಳಕ್ಕೆ ಅಲ್ಲಿರುವ ಹಾಗೆ ಹೊರಡಿ. ಸಂಜೆಯ ಟ್ರಾಫಿಕ್ ನಂಬಬೇಡಿ. ಬೇಗ ಬಂದರೆ ಒಳ್ಳೆಯ ಜಾಗವೂ ಸಿಗುತ್ತದೆ, ಅಲ್ಲೇ ಇರುವ ಕೆಫೆಯಲ್ಲಿ ಕಾಫಿ ಕುಡಿಯಬಹುದು, ಪುಸ್ತಕ ತಿರುವಿಹಾಕಬಹುದು. ಒಳಗೆ ಹೋದ ಮೇಲೆ ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್ ಮಾಡಿ. ಪರದೆಯ ಬೆಳಕೂ ಕಣ್ಣಿಗೆ ಚುಚ್ಚುತ್ತದೆ.

ರವೀಂದ್ರ ಕಲಾಕ್ಷೇತ್ರ ಅಂದರೆ ಒಂದೇ ಕಟ್ಟಡವಾ? ಅಲ್ಲಿ ಏನೇನಿದೆ?

ಜೆ.ಸಿ. ರಸ್ತೆಯ ಆ ಆವರಣದಲ್ಲಿ ಮೂರು ಬೇರೆ ಬೇರೆ ಜಾಗಗಳಿವೆ. ಆಹ್ವಾನ ಪತ್ರಿಕೆಯಲ್ಲಿ ಯಾವುದು ಅಂತ ಸರಿಯಾಗಿ ಓದಿಕೊಳ್ಳಿ, ಇಲ್ಲದಿದ್ದರೆ ನಾಟಕಕ್ಕೆ ಹೋದವರು ಸನ್ಮಾನ ಸಮಾರಂಭದಲ್ಲಿ ಕೂತುಬಿಡ್ತೀರಿ.

ದೊಡ್ಡ ಕಟ್ಟಡವೇ ರವೀಂದ್ರ ಕಲಾಕ್ಷೇತ್ರ. ರವೀಂದ್ರನಾಥ ಟ್ಯಾಗೋರರ ಜನ್ಮ ಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದದ್ದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೋಡಿಕೊಳ್ಳುತ್ತದೆ. ನಾಟಕ, ನೃತ್ಯ, ಪ್ರಶಸ್ತಿ ಪ್ರದಾನ, ಸುಗಮ ಸಂಗೀತ, ಪುಸ್ತಕ ಬಿಡುಗಡೆ, ಎಲ್ಲವೂ ಇಲ್ಲಿ ನಡೆಯುತ್ತವೆ. ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ ಇದೆ. ಅದು ಚಿಕ್ಕದು, ಹವ್ಯಾಸಿ ತಂಡಗಳಿಗೆ ಅಚ್ಚುಮೆಚ್ಚು.

ಕಲಾಕ್ಷೇತ್ರದ ಹಿಂಬದಿಯಲ್ಲಿರುವುದು ಸಂಸ ಬಯಲು ರಂಗಮಂದಿರ. ನಾಟಕಕಾರ ಸಂಸರ ಹೆಸರು ಅದಕ್ಕೆ. 1970ರ ದಶಕದಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಮತ್ತು ಅವರ ಜೊತೆಗಿದ್ದ ಯುವಕರು ಕನ್ನಡ ನಾಟಕದ ದಿಕ್ಕನ್ನೇ ಬದಲಿಸಿದ್ದು ಈ ಬಯಲಿನಲ್ಲಿ. ಚಳಿಗಾಲದ ಸಂಜೆ ಇಲ್ಲಿ ನಾಟಕ ಇದ್ದರೆ ತಪ್ಪಿಸಬೇಡಿ. ಕಲ್ಲಿನ ಮೆಟ್ಟಿಲ ಮೇಲೆ ಕೂರಬೇಕು, ಒಂದು ಸ್ವೆಟರ್ ಮತ್ತು ಹಾಸಿಕೊಳ್ಳೋಕೆ ಏನಾದರೂ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಯಕ್ಷಗಾನ ನೋಡೋಕೆ ಸಿಗುತ್ತಾ?

ಸಿಗುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಕರಾವಳಿಯಲ್ಲಿ ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ನವೆಂಬರ್ ಸುಮಾರಿಗೆ ಶುರುವಾಗಿ ಮೇ ಕೊನೆಗೆ, ಹತ್ತನಾವಧಿಯ (ಮೇಳಗಳು ಆ ವರ್ಷದ ಆಟ ಮುಗಿಸುವ ದಿನ) ಹೊತ್ತಿಗೆ, ನಿಲ್ಲುತ್ತದೆ. ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರಿಗೆ ಬರುತ್ತಾರೆ. ಕಲಾಕ್ಷೇತ್ರದಲ್ಲಿ ರಾತ್ರಿ ಹತ್ತರ ಮೇಲೆ ಶುರುವಾಗಿ ಬೆಳಗಿನವರೆಗೆ ನಡೆಯುವ ಆಟಗಳೂ ಉಂಟು. ಕುಂದಾಪುರ, ಉಡುಪಿ, ಹೊನ್ನಾವರ ಕಡೆಯವರು ಇಡೀ ಕುಟುಂಬ ಸಮೇತ ಬಂದು ಕೂರುತ್ತಾರೆ, ಭಾಗವತರು ಪದ ಎತ್ತಿದ ತಕ್ಷಣ ಚಪ್ಪಾಳೆ.

ಮೊದಲ ಸಲ ಹೋಗುವವರು ಪ್ರಸಂಗದ ಕಥೆ ಮುಂಚೆಯೇ ಓದಿಕೊಂಡು ಹೋಗಿ. ಕಥೆ ಗೊತ್ತಿದ್ದರೆ ಅರ್ಥಗಾರಿಕೆಯ ರುಚಿ ಸಿಗುತ್ತದೆ. ಇಬ್ಬರು ವೇಷಧಾರಿಗಳು ಸ್ಥಳದಲ್ಲೇ ಮಾತು ಹೊಸೆದು ವಾದಕ್ಕಿಳಿಯುವುದನ್ನು ಕೇಳಿದರೆ ನಿದ್ದೆ ಎಲ್ಲಿಂದ ಬರಬೇಕು? ಇಡೀ ರಾತ್ರಿ ಕಷ್ಟ ಅನ್ನಿಸಿದರೆ ಎರಡು ಮೂರು ಗಂಟೆಯ ಕಾಲಮಿತಿ ಪ್ರದರ್ಶನಗಳೂ ಇರುತ್ತವೆ.

ಬೇರೆ ಬಡಾವಣೆಗಳಲ್ಲಿ ರಂಗಮಂದಿರಗಳಿಲ್ವಾ?

ಇವೆ. ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ, ಮಲ್ಲೇಶ್ವರದಲ್ಲಿ ಸೇವಾಸದನ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ. ವೈಟ್‌ಫೀಲ್ಡ್ ಕಡೆಯವರಿಗೆ ಜಾಗೃತಿ ಇದೆ, ಅಲ್ಲಿ ಇಂಗ್ಲಿಷ್ ನಾಟಕ ಜಾಸ್ತಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಉಪನ್ಯಾಸ, ಸಂಗೀತ, ಸಾಕ್ಷ್ಯಚಿತ್ರ ಎಲ್ಲ ಇರುತ್ತವೆ, ಹೆಚ್ಚಿನವು ಉಚಿತ.

ಪಿಟೀಲಿನ ಆಕಾರದ ಕಟ್ಟಡ ಯಾವುದು? ಒಳಗೆ ಹೋಗಬಹುದಾ?

ಅದು ಚೌಡಯ್ಯ ಸ್ಮಾರಕ ಭವನ, ಮಲ್ಲೇಶ್ವರ ಮತ್ತು ವೈಯಾಲಿಕಾವಲ್ ಹತ್ತಿರ. 1980ರಲ್ಲಿ ಕಟ್ಟಿ ಮುಗಿಸಿದ್ದು. ತಂತಿ, ಬಿರಡೆ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿ), ಕಮಾನು ಎಲ್ಲವನ್ನೂ ಕಟ್ಟಡದ ಮೇಲೇ ಮಾಡಿದ್ದಾರೆ. ರಸ್ತೆಯಿಂದ ಪೂರ್ತಿ ಆಕಾರ ಸುಲಭಕ್ಕೆ ಗೊತ್ತಾಗುವುದಿಲ್ಲ, ಸ್ವಲ್ಪ ದೂರ ನಿಂತು ನೋಡಬೇಕು.

ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ತಿರುಮಕೂಡಲು ನರಸೀಪುರದ ಕಡೆಯವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆಗ ಕಛೇರಿಗಳಲ್ಲಿ ಮೈಕ್ ಇರುತ್ತಿರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕೂತವರಿಗೆ ಸಾಲುತ್ತಿರಲಿಲ್ಲ. ಅವರು ತಂತಿಗಳನ್ನು ಹೆಚ್ಚಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು, ನಾದ ತುಂಬಿಕೊಂಡಿತು. ಕೇಳುಗರಿಗೆ ತಲುಪಬೇಕು ಅಂತ ವಾದ್ಯವನ್ನೇ ತಿದ್ದಿಕೊಂಡ ಮನುಷ್ಯ ಅವರು.

ಸಾವಿರಕ್ಕೂ ಮೇಲ್ಪಟ್ಟು ಆಸನಗಳ ಭವನ ಇದು. ಕಾರ್ಯಕ್ರಮ ಇದ್ದಾಗ ಹೋಗುವುದೇ ಸರಿ. ಸುಮ್ನೆ ಕಟ್ಟಡ ನೋಡಿಕೊಂಡು ಬರೋಕೆ ಹೋದರೆ ಬಾಗಿಲು ಹಾಕಿರಬಹುದು.

ಶಾಸ್ತ್ರೀಯ ಸಂಗೀತ ಕಛೇರಿಗೆ ಎಲ್ಲಿಗೆ ಹೋಗಬೇಕು? ಅಲ್ಲಿ ಹೇಗಿರಬೇಕು?

ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರಿಂದ ನಡೆದುಕೊಂಡು ಬಂದಿದೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ವರ್ಷದಲ್ಲಿ ಒಂದೇ ಸಲ ಸಂಗೀತ ಕೇಳುವವರಾದರೆ ರಾಮನವಮಿ ಕಾಲಕ್ಕೆ ಕಾಯಿರಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತಿರುವ ಸಂಗೀತೋತ್ಸವ ಅದು. ವಾರಗಟ್ಟಲೆ ಪ್ರತಿ ಸಂಜೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಪೆಂಡಾಲಿನಲ್ಲಿ ಹಾಡುತ್ತಾರೆ, ನುಡಿಸುತ್ತಾರೆ. ಬಡಾವಣೆಗಳ ರಾಮಮಂದಿರಗಳಲ್ಲೂ ಆ ದಿನಗಳಲ್ಲಿ ಕಛೇರಿ ಇಲ್ಲದ ಸಂಜೆ ಇರುವುದಿಲ್ಲ. ಅವು ಬಹುಪಾಲು ಉಚಿತ, ಪಾನಕ ಕೋಸಂಬರಿಯೂ ಸಿಗುತ್ತದೆ.

ಕಛೇರಿ ಎರಡೂವರೆ ಮೂರು ಗಂಟೆ ನಡೆಯಬಹುದು. ನಡುವೆ ಏಳಬೇಕಾದರೆ ಒಂದು ಕೃತಿ ಮುಗಿದಾಗ ಎದ್ದು ಹೋಗಿ. ಒಂದು ವಿಷಯ ಮಾತ್ರ ಕೈಮುಗಿದು ಕೇಳುತ್ತೇನೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಹೊರಡಬೇಡಿ. ಗಂಟೆಗಟ್ಟಲೆ ಬೇರೆಯವರ ಹಾಡಿಗೆ ಕೈಗೂಡಿಸಿದ ಮೃದಂಗ, ಘಟ, ಖಂಜಿರದವರಿಗೆ ತಮ್ಮ ವಿದ್ಯೆ ತೋರಿಸೋಕೆ ಸಿಗುವ ಹದಿನೈದು ಇಪ್ಪತ್ತು ನಿಮಿಷ ಅದು. ತಾಳ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದನ್ನು ನೋಡ್ತಾ ಇರಿ, ನಿಮ್ಮ ಕೈ ತಾನಾಗೇ ತೊಡೆಯ ಮೇಲೆ ಆಡುತ್ತದೆ.

ಒಂದು ದಿನ ರಜ ಇದೆ. ಮ್ಯೂಸಿಯಂಗಳನ್ನು ನೋಡೋಕೆ ಹೇಗೆ ಯೋಜನೆ ಹಾಕಲಿ?

ಕಸ್ತೂರ್‌ಬಾ ರಸ್ತೆ ಹಿಡಿಯಿರಿ. ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆದರೆ ಒಂದೇ ರಸ್ತೆಯಲ್ಲಿ ನಾಲ್ಕು ಜಾಗಗಳಿವೆ.

ಕೆಂಪು ಬಣ್ಣದ ಸರ್ಕಾರಿ ವಸ್ತು ಸಂಗ್ರಹಾಲಯ 1865ರಲ್ಲಿ ಶುರುವಾದದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು. ಇಲ್ಲಿನ ಆತಕೂರು ಶಾಸನವನ್ನು ನೋಡಲೇಬೇಕು. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲು, ಕ್ರಿ.ಶ. 949-50ರದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರ ಎಂಬ ವೀರನಿಗೆ ಅವನ ಒಡೆಯ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಮುಂದೆ ಆ ನಾಯಿ ಬೇಟೆಯಲ್ಲಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ನೆಡಿಸಿದ ಕಲ್ಲು ಇದು. ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದಾಡುತ್ತಿರುವ ಕೆತ್ತನೆ ಇದೆ, ಸುತ್ತ ಹಳಗನ್ನಡದ ಅಕ್ಷರಗಳು. ಸಾವಿರ ವರ್ಷದ ಹಿಂದೆ ಒಂದು ನಾಯಿಗಾಗಿ ದುಃಖಪಟ್ಟವರ ಕಲ್ಲಿನ ಮುಂದೆ ನಿಲ್ಲೋದು ನನಗೆ ಯಾವ ಆಭರಣ, ಕತ್ತಿಗಿಂತ ದೊಡ್ಡದು.

ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪ ಮೈಸೂರಿನ ಚಿತ್ರಕಾರರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವರು. ಊಟಿ, ಕೊಡೈಕೆನಾಲ್‌ನ ಮಂಜನ್ನು ಅವರು ಜಲವರ್ಣದಲ್ಲಿ ಹಿಡಿದಿರುವುದನ್ನು ನಿಧಾನವಾಗಿ ನೋಡಿ. ಹಳೆಯ ಕಟ್ಟಡಗಳಲ್ಲಿ ಆಗಾಗ ದುರಸ್ತಿ ಕೆಲಸ ನಡೆಯುವುದರಿಂದ ಈ ಎರಡು ಕಡೆ ಹೊರಡುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ಆಮೇಲೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ, ಮಕ್ಕಳಿದ್ದರೆ ಅರ್ಧ ದಿನ ಇಲ್ಲೇ ಹೋಗುತ್ತದೆ. ಅದೇ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ಮ್ಯಾಪ್, 2023ರಲ್ಲಿ ತೆರೆದದ್ದು. ಹೊರಗೆಲ್ಲ ಉಕ್ಕಿನ ಹಾಳೆ ಹೊದಿಸಿರುವ ಕಟ್ಟಡ. ಚಿತ್ರಗಳ ಜೊತೆಗೆ ಫೋಟೊ, ಬಟ್ಟೆ, ಸಿನಿಮಾ ಪೋಸ್ಟರ್‌ಗಳಿಗೂ ಇಲ್ಲಿ ಮರ್ಯಾದೆ ಇದೆ. ನಾಲ್ಕನ್ನೂ ಒಂದೇ ದಿನ ಮುಗಿಸಬೇಕು ಅಂತ ಓಡಬೇಡಿ. ಎರಡು ನೋಡಿ, ಕಬ್ಬನ್ ಪಾರ್ಕಿನಲ್ಲಿ ಕೂತು ಸುಧಾರಿಸಿಕೊಂಡು ಮನೆಗೆ ಹೋಗಿ.

ಚಿತ್ರಸಂತೆ ಯಾವಾಗ? ಉಳಿದ ದಿನ ಚಿತ್ರಕಲಾ ಪರಿಷತ್ತಿನಲ್ಲಿ ಏನಿರುತ್ತದೆ?

ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ. ಪರಿಷತ್ತು ಇರುವ ಕುಮಾರಕೃಪಾ ರಸ್ತೆಗೆ ಅವತ್ತು ವಾಹನ ಬಿಡುವುದಿಲ್ಲ. ದೇಶದ ಬೇರೆ ಬೇರೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬಂದು ರಸ್ತೆಯ ಎರಡೂ ಬದಿ ಚಿತ್ರ ಹರಡುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ. ಹನ್ನೊಂದರ ಮೇಲೆ ಕಾಲಿಡೋಕೆ ಜಾಗ ಇರುವುದಿಲ್ಲ, ಕಲಾವಿದರ ಹತ್ತಿರ ಮಾತಾಡೋಕೂ ಆಗುವುದಿಲ್ಲ. ಚಿತ್ರ ಇಷ್ಟವಾದರೆ ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿ, ಖುಷಿಯಿಂದ ಹೇಳುತ್ತಾರೆ. ತರಕಾರಿಗೆ ಮಾಡಿದ ಹಾಗೆ ಅರ್ಧ ಬೆಲೆಗೆ ಚೌಕಾಸಿ ಮಾಡಬೇಡಿ. ಬಿಡಿಸಿದವರೇ ಮಾರುತ್ತಿರುವುದರಿಂದ ನೀವು ಕೊಟ್ಟದ್ದು ಅವರ ಕೈಗೇ ಹೋಗುತ್ತದೆ.

ಉಳಿದ ದಿನಗಳಲ್ಲಿ ಪರಿಷತ್ತಿನ ಒಳಗಿನ ಸಂಗ್ರಹವನ್ನು ನೋಡಿ. 1960ರಲ್ಲಿ ಎಂ.ಎಸ್. ನಂಜುಂಡರಾವ್ ಮುಂದೆ ನಿಂತು ಕಟ್ಟಿದ ಸಂಸ್ಥೆ ಇದು. ಮೈಸೂರು ಸಾಂಪ್ರದಾಯಿಕ ಚಿತ್ರಗಳಿವೆ. ರಷ್ಯಾದ ರೋರಿಕ್ ತಂದೆ ಮಗನ ಚಿತ್ರಗಳಿವೆ. ಮಗ ಸ್ವೆತೊಸ್ಲಾವ್ ರೋರಿಕ್ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದವರು. ನನಗೆ ಎಲ್ಲಕ್ಕಿಂತ ಇಷ್ಟ ತೊಗಲು ಗೊಂಬೆಗಳು. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ಬಣ್ಣ ಹಚ್ಚಿ, ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಿದ್ದಾಗ ಆ ತೂತುಗಳೇ ಮುತ್ತು ರತ್ನಗಳಾಗಿ ಹೊಳೆಯುತ್ತವೆ.

ಮಾಣಿಕ್ಯವೇಲು ಬಂಗಲೆ ನೋಡಬೇಕು ಅಂತಾರೆ. ಅಲ್ಲೇನಿದೆ?

ಅದೇ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅರಮನೆ ರಸ್ತೆಯಲ್ಲಿದೆ. ದೆಹಲಿ, ಮುಂಬೈ ಆದ ಮೇಲೆ ಮೂರನೆಯದು ಬೆಂಗಳೂರಿಗೆ ಬಂತು, 2009ರಲ್ಲಿ. ದೊಡ್ಡ ಮರಗಳ ನಡುವೆ ಹಳೆಯ ಬಂಗಲೆ. ಗಲಾಟೆಯ ರಸ್ತೆಯಿಂದ ಗೇಟು ದಾಟಿದರೆ ಬೇರೆ ಊರಿಗೆ ಬಂದ ಹಾಗಿರುತ್ತದೆ. ಶನಿವಾರ, ಭಾನುವಾರಕ್ಕಿಂತ ವಾರದ ನಡುವೆ ಹೋಗುವುದು ಚೆಂದ.

ಆಧುನಿಕ ಚಿತ್ರ ನೋಡಿದರೆ ಏನೂ ಅರ್ಥವಾಗಲ್ಲ. ಏನು ಮಾಡಲಿ?

ಅರ್ಥ ಹುಡುಕುವ ಆತುರ ಬೇಡ. ಒಂದು ಕೋಣೆಯಲ್ಲಿ ಇಪ್ಪತ್ತು ಚಿತ್ರಗಳಿದ್ದರೆ ಎಲ್ಲದರ ಮುಂದೆಯೂ ಒಂದೊಂದು ನಿಮಿಷ ನಿಲ್ಲೋ ಬದಲು, ಕಣ್ಣು ಸೆಳೆದ ಎರಡರ ಮುಂದೆ ಹತ್ತು ಹತ್ತು ನಿಮಿಷ ನಿಲ್ಲಿ. ಮೊದಲು ಹತ್ತಿರದಿಂದ ನೋಡಿ, ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ. ಆಮೇಲೆ ಹಿಂದಕ್ಕೆ ಬನ್ನಿ. ಪಕ್ಕದ ಚೀಟಿಯನ್ನು ಕೊನೆಗೆ ಓದಿ.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಜೆ.ಪಿ. ನಗರ 7ನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ಗೆ. 2019ರಲ್ಲಿ ಶುರುವಾದ ಸಂಗೀತದ ಮ್ಯೂಸಿಯಂ. ಅಲ್ಲಿನ ನಾದದ ತೋಟದಲ್ಲಿ ಕಲ್ಲು, ಲೋಹ, ಮರವನ್ನು ಮಕ್ಕಳು ತಟ್ಟಿ, ಉಜ್ಜಿ, ಕೈಯಾರೆ ಸದ್ದು ಮಾಡಬಹುದು. ಮುಟ್ಟಬೇಡ ಅನ್ನೋ ಮಾತಿಲ್ಲದ ಮ್ಯೂಸಿಯಂ ಸಿಕ್ಕರೆ ಮಕ್ಕಳಿಗೆ ಇನ್ನೇನು ಬೇಕು ಅಲ್ವಾ?

ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳೂ ಇರುತ್ತವೆ, ಸಮಯ ಕೇಳಿಕೊಂಡು ಹೋಗಿ. ರಂಗಶಂಕರದವರು 'ಆಹಾ!' ಹೆಸರಿನಲ್ಲಿ ಮಕ್ಕಳ ನಾಟಕಗಳನ್ನು ಮಾಡಿಸುತ್ತಾರೆ. ದೊಡ್ಡವರ ನಾಟಕಕ್ಕೆ ತೀರಾ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಕತ್ತಲಿಗೆ ಹೆದರಿ ಅಳುತ್ತವೆ, ನಿಮಗೂ ನೆಮ್ಮದಿ ಇರುವುದಿಲ್ಲ.

ಹಳೆಯ ಸಿನಿಮಾ ಥಿಯೇಟರುಗಳು ಇನ್ನೂ ಇವೆಯಾ?

ಕಡಿಮೆ ಆಗಿವೆ. ಗಾಂಧಿನಗರದ ಕಪಾಲಿಯಂಥ ದೈತ್ಯ ಥಿಯೇಟರೇ ನೆಲಸಮವಾಯಿತು. ದೊಡ್ಡ ನಟರ ಚಿತ್ರ ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಗಾಂಧಿನಗರದ ಕಡೆ ಹೋಗಿ ನೋಡಿ. ಡೊಳ್ಳು, ಕಟೌಟಿಗೆ ಹಾಲು, ಹೂವಿನ ಹಾರ. ಚಿತ್ರ ಶುರುವಾಗುವ ಮುಂಚೆಯೇ ಹಬ್ಬ. ಲಾಲ್‌ಬಾಗ್ ಕಡೆಯ ಊರ್ವಶಿಯಲ್ಲಿ ದೊಡ್ಡ ಪರದೆಯ ಸುಖ ಸಿಗುತ್ತದೆ.

ಬೇರೆ ಥರದ ಸಿನಿಮಾ ಬೇಕಾದವರಿಗೆ ಬನಶಂಕರಿ 2ನೇ ಹಂತದ ಸುಚಿತ್ರ ಇದೆ. 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ. ಚಿತ್ರ ಮುಗಿದ ಮೇಲೆ ಕೂತು ಚರ್ಚೆ ಮಾಡುವ ಅಭ್ಯಾಸವನ್ನು ಈ ಊರಿಗೆ ಕಲಿಸಿದವರಲ್ಲಿ ಅವರೂ ಇದ್ದಾರೆ.

ಊರಿನಿಂದ ಸ್ವಲ್ಪ ಹೊರಗೆ ಏನಾದರೂ ಇದೆಯಾ?

ಹೆಸರಘಟ್ಟದ ನೃತ್ಯಗ್ರಾಮ. ಪ್ರೋತಿಮಾ ಬೇಡಿ 1990ರಲ್ಲಿ ಕಟ್ಟಿದ ಒಡಿಸ್ಸಿ ಗುರುಕುಲ. ಶಿಷ್ಯರು ಅಲ್ಲೇ ಇದ್ದು, ದಿನವಿಡೀ ಅಭ್ಯಾಸ ಮಾಡುತ್ತಾರೆ. ಅದು ಕಲಿಕೆಯ ಜಾಗ, ಹಾಗಾಗಿ ಮೊದಲೇ ಫೋನ್ ಮಾಡಿ ಹೋಗಿ, ಅಭ್ಯಾಸ ನಡೆಯುವ ಕಡೆ ಸದ್ದು ಮಾಡಬೇಡಿ.

ಖರ್ಚು ಎಷ್ಟಾಗುತ್ತದೆ?

ಬಹಳ ಆಗುವುದಿಲ್ಲ. ಕಲಾಕ್ಷೇತ್ರದಲ್ಲಿ ಇಲಾಖೆಯ ಕಾರ್ಯಕ್ರಮಗಳು ಹೆಚ್ಚಾಗಿ ಉಚಿತ. ಹವ್ಯಾಸಿ ತಂಡಗಳ ನಾಟಕದ ಟಿಕೆಟ್ ಎಷ್ಟೋ ಸಲ ಮಲ್ಟಿಪ್ಲೆಕ್ಸಿನ ಟಿಕೆಟ್‌ಗಿಂತ ಅಗ್ಗ. ಒಂದು ಮಾತು ಹೇಳಲೇಬೇಕು. ಗೊತ್ತಿರುವವರ ನಾಟಕ ಇದ್ದಾಗ ಫ್ರೀ ಪಾಸ್ ಕೇಳಬೇಡಿ. ಸಭಾಂಗಣದ ಬಾಡಿಗೆ, ಬೆಳಕು, ಮೇಕಪ್ಪು, ಸಾಮಾನು ಸಾಗಿಸುವ ಟೆಂಪೊ, ಎಲ್ಲ ಅವರ ಕೈಯಿಂದಲೇ ಹೋಗುತ್ತದೆ. ನೀವು ಕೊಂಡ ಒಂದು ಟಿಕೆಟ್ ಅವರಿಗೆ ದೊಡ್ಡ ಬೆಂಬಲ.

ಯಾವ ದಿನ ಎಲ್ಲಿ ಏನಿದೆ ಅಂತ ತಿಳಿಯೋದು ಹೇಗೆ?

ಕನ್ನಡ ದಿನಪತ್ರಿಕೆಗಳ ಬೆಂಗಳೂರು ಪುಟದಲ್ಲಿ 'ನಗರದಲ್ಲಿ ಇಂದು' ಥರದ ಅಂಕಣ ಇರುತ್ತದೆ. ಅದು ಇವತ್ತಿಗೂ ನಂಬಿಕಸ್ತ ದಾರಿ. ಟಿಕೆಟ್ ಇರುವ ನಾಟಕಗಳು ಬುಕ್‌ಮೈಶೋದಲ್ಲಿ ಸಿಗುತ್ತವೆ. ಒಂದು ನಾಟಕ ಇಷ್ಟವಾದರೆ ಮುಗಿದ ಮೇಲೆ ತಂಡದವರ ವಾಟ್ಸಾಪ್ ಗುಂಪಿಗೆ ನಂಬರ್ ಕೊಟ್ಟು ಬನ್ನಿ, ಮುಂದಿನ ಪ್ರದರ್ಶನದ ಪೋಸ್ಟರ್ ತಾನಾಗೇ ಬರುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಹೋಗಬಹುದು, ಜಾಗ ನೋಡಿ ಆರಿಸಿಕೊಳ್ಳಿ. ಬಯಲು ರಂಗಮಂದಿರದ ಮೆಟ್ಟಿಲುಗಳಲ್ಲಿ ಬೆನ್ನಿಗೆ ಆಸರೆ ಇರುವುದಿಲ್ಲ. ಚಿತ್ರಸಂತೆಯ ಜನಸಂದಣಿಯೂ ಅವರಿಗೆ ಕಷ್ಟ. ಬಡಾವಣೆಯ ರಾಮಮಂದಿರದ ಕಛೇರಿ, ಗಾಯನ ಸಮಾಜ, ಮಧ್ಯಾಹ್ನದ ಹೊತ್ತಿನ ಮ್ಯೂಸಿಯಂ ಅನುಕೂಲ. ರಂಗಮಂದಿರಕ್ಕಾದರೆ ಅರ್ಧ ಗಂಟೆ ಮುಂಚೆ ಹೋಗಿ, ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಬಾಗಿಲಲ್ಲಿರುವವರಿಗೆ ಹೇಳಿ, ಸಾಲಿನ ತುದಿಯ ಸೀಟು ಕೊಡಿಸುತ್ತಾರೆ. ಇನ್ನೊಂದು, ಸೋಮವಾರ ಹೊರಡಬೇಡಿ. ನಗರದ ಮ್ಯೂಸಿಯಂ, ಗ್ಯಾಲರಿಗಳಲ್ಲಿ ಹಲವಕ್ಕೆ ಅವತ್ತು ರಜ.